ಅಂಗಡಿ–ಹೋಟೆಲ್ ಎಣಿಕೆ: ಹೋಗೋ ಮೊದಲು ನಮೂನೆ ಸರಿಮಾಡೋಣ

ಮನೆ 14: "ಇಲ್ಲಿನ ಅಂಗಡಿ, ಹೋಟೆಲಿನಲ್ಲಿ ಆರೋಗ್ಯಕ್ಕೆ ಒಳ್ಳೇದು ಏನೂ ಸಿಗಲ್ಲ" ಅಂತ ನಮ್ಮ ಮನೆಗಳ ಗುಂಪಿನಲ್ಲಿ ಗೊಣಗಿದ್ದು ಸಾಕು. ಅಂಗಡಿಯವರು "ಏನು ಸಿಗಲ್ಲ, ಹೇಳಿ" ಅಂದರೆ ನಮ್ಮ ಹತ್ತಿರ ಉತ್ತರ ಇಲ್ಲ. ಮೊದಲು ಎಣಿಸೋಣ. ಅದಕ್ಕೆ ದಾರಿ ಆಗಲೇ ಇದೆ: ಅಮೆರಿಕದ ಸಂಶೋಧಕಿ ಕ್ಯಾರನ್ ಗ್ಲಾಂಜ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ನೆಮ್ಸ್ ಸಮೀಕ್ಷೆ, ಅಂದರೆ ಅಂಗಡಿ, ಹೋಟೆಲಿನಲ್ಲಿ ಎಂಥ ಆಹಾರ ಸಿಗುತ್ತೆ ಅಂತ ಅಳೆಯೋ ಪದ್ಧತಿ. ಅಂಗಡಿಗೊಂದು ನಮೂನೆ, ಹೋಟೆಲಿಗೊಂದು. ಅಂಗಡಿಯಲ್ಲಿ ನೋಡೋದು ಮೂರೇ: ಇದೆಯಾ, ಬೆಲೆ ಎಷ್ಟು, ತಾಜಾ ಇದೆಯಾ. ಪದ್ಧತಿ ಅವರದ್ದಿರಲಿ, ಪದಾರ್ಥಗಳ ಪಟ್ಟಿ ನಾವೇ ಮಾಡೋಣ.

ಮನೆ 31: ಪಟ್ಟಿಯನ್ನ ಜೋಡಿಯಾಗಿ ಮಾಡಿ. ಕೆನೆ ಹಾಲಿನ ಎದುರು ಕಡಿಮೆ ಕೊಬ್ಬಿನ ಹಾಲು, ಬಿಳಿ ಬ್ರೆಡ್ ಎದುರು ಹೋಲ್‌ವೀಟ್, ಉಪ್ಪು ಹಾಕಿದ ಬೀಜದ ಎದುರು ಉಪ್ಪಿಲ್ಲದ್ದು. ಸಾಧ್ಯವಾದಷ್ಟು ಒಂದೇ ಬ್ರ್ಯಾಂಡ್, ಒಂದೇ ಅಳತೆ. ದೊಡ್ಡ ಪೊಟ್ಟಣ ಕಿಲೋ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ. ಹಾಗಾಗಿ 1 ಕಿಲೋ ಬಿಳಿ ಹಿಟ್ಟನ್ನ 400 ಗ್ರಾಂ ಇಡೀ ಧಾನ್ಯದ ಹಿಟ್ಟಿನ ಜೊತೆ ಹೋಲಿಸಿದರೆ "ಒಳ್ಳೇದು ದುಬಾರಿ" ಅನ್ನೋ ಸುಳ್ಳು ಲೆಕ್ಕ ಬರುತ್ತೆ. ಎಲ್ಲವನ್ನೂ 100 ಗ್ರಾಂಗೆ ಇಳಿಸಿ ಬರೀರಿ. ರಿಯಾಯಿತಿ ಇದ್ದರೆ ಪಕ್ಕದ ಖಾನೆಗೆ. ಮೂಲ ಬೆಲೆಯನ್ನ ಮುಟ್ಟಬೇಡಿ.

ಮನೆ 7: ಒಂದು ಎಚ್ಚರಿಕೆ. ಕಂದು ಬಣ್ಣದ ಬ್ರೆಡ್ಡನ್ನೆಲ್ಲ ಹೋಲ್‌ವೀಟ್ ಸಾಲಿಗೆ ಸೇರಿಸಬೇಡಿ. ಪೊಟ್ಟಣ ತಿರುಗಿಸಿ. ಪದಾರ್ಥಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಬರೆದಿರ್ತಾರೆ. ಮೊದಲ ಹೆಸರೇ ಮೈದಾ, ಕೆಳಗೆಲ್ಲೋ ಕ್ಯಾರಮೆಲ್ ಬಣ್ಣ ಅಂತಿದ್ದರೆ ಅದು ಬಿಳಿ ಬ್ರೆಡ್ಡೇ, ಬಟ್ಟೆ ಬೇರೆ ಅಷ್ಟೆ. ಮಲ್ಟಿಗ್ರೇನ್ ಅಂದರೆ ಹಲವು ಧಾನ್ಯ ಇವೆ ಅಂತ ಮಾತ್ರ. ಇಡಿಯಾಗಿವೆ ಅಂತ ಅಲ್ಲ.

ಹೆಚ್ಚಿನವರು ಎಡವೋದು ಲೇಬಲ್‌ನ "ಒಂದು ಸರ್ವಿಂಗ್" (ಒಂದು ಸಲಕ್ಕೆ ತಿನ್ನೋ ಪ್ರಮಾಣ) ಖಾನೆಯಲ್ಲಿ. 30 ಗ್ರಾಂಗೆ ಸಕ್ಕರೆ 8 ಗ್ರಾಂ ಅಂದರೆ ಕಡಿಮೆ ಅನ್ಸುತ್ತೆ. 8ನ್ನ 30ರಿಂದ ಭಾಗಿಸಿ 100ರಿಂದ ಗುಣಿಸಿ: ಸುಮಾರು 26.7 ಗ್ರಾಂ. ಪೊಟ್ಟಣದ ಮೇಲೆ ಕಡಿಮೆಗೆ ಹಸಿರು, ಹೆಚ್ಚಿಗೆ ಕೆಂಪು ತೋರಿಸೋ ಬ್ರಿಟನ್ನಿನ ಟ್ರಾಫಿಕ್ ಲೈಟ್ ಲೇಬಲ್ ಪ್ರಕಾರ 100 ಗ್ರಾಂಗೆ ಸಕ್ಕರೆ 22.5, ಉಪ್ಪು 1.5, ಸ್ಯಾಚುರೇಟೆಡ್ ಕೊಬ್ಬು 5 ಗ್ರಾಂ ದಾಟಿದರೆ ಕೆಂಪು. ಪಾನೀಯಕ್ಕೆ ಬೇರೆ ಮಿತಿ, 100 ಮಿಲಿಗೆ ಸಕ್ಕರೆ 11.25. ನಮ್ಮ ಎಣಿಕೆಗೂ ಇವನ್ನೇ ಇಟ್ಟುಕೊಳ್ಳೋಣ. ಲೇಬಲ್‌ನಲ್ಲಿ ಸೋಡಿಯಂ ಮಾತ್ರ ಇದ್ದರೆ 2.5ರಿಂದ ಗುಣಿಸಿ: 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮನೆ 22: ಯಾರು ಯಾವ ಅಂಗಡಿಗೆ ಹೋಗೋದು? ಒಬ್ಬೊಬ್ಬರು ಎರಡೆರಡು ಹಂಚಿಕೊಂಡರೆ ಬೇಗ ಮುಗಿಯುತ್ತೆ.

ಮನೆ 31: ಬೇಗ ಮುಗಿಯುತ್ತೆ, ಆದರೆ ಯಾರೂ ನಂಬಲ್ಲ. ಮೊದಲ ಮೂರು ಅಂಗಡಿಗೆ ಇಬ್ಬಿಬ್ಬರು ಹೋಗಿ, ಮಾತಾಡಿಕೊಳ್ಳದೆ ಬೇರೆ ಬೇರೆ ಹಾಳೆ ತುಂಬಲಿ. 40 ಸಾಲಲ್ಲಿ 36 ಎರಡೂ ಹಾಳೆಯಲ್ಲಿ ಒಂದೇ ಇದ್ದರೆ ಹೊಂದಾಣಿಕೆ 90%. ಇಲ್ಲೂ ಒಂದು ಮೋಸ ಇದೆ: 30 ಪದಾರ್ಥ ಅಂಗಡಿಯಲ್ಲೇ ಇಲ್ಲದಿದ್ದರೆ ಇಬ್ಬರೂ "ಇಲ್ಲ" ಅಂತಲೇ ಬರೀತಾರೆ, ಅಂಕ ತಾನಾಗಿ ಉಬ್ಬುತ್ತೆ. ಆದ್ದರಿಂದ "ಇದೆ" ಅಂದ ಸಾಲುಗಳ ಹೊಂದಾಣಿಕೆಯನ್ನ ಬೇರೆ ಎಣಿಸಿ.

ಜಗಳ ಬರೋದು ತಾಜಾತನದಲ್ಲಿ. ರಾಶಿಯ ಮೇಲಿನ ಒಂದು ಒಳ್ಳೆ ಹಣ್ಣು ನೋಡಿ ಟಿಕ್ ಹಾಕಬೇಡಿ. ಅರ್ಧಕ್ಕಿಂತ ಹೆಚ್ಚು ಗಟ್ಟಿಯಾಗಿ, ಬಣ್ಣ ಕೆಡದೆ, ಕಪ್ಪು ಕುಳಿ ಇಲ್ಲದೆ ಇದ್ದರೆ ಮಾತ್ರ "ಸರಿ". ಸರಕು ಬಂದ ದಿನ ಒಮ್ಮೆ, ಬರೋ ಹಿಂದಿನ ದಿನ ಒಮ್ಮೆ ನೋಡಬೇಕು. ಎರಡು ದಿನದ ಕಥೆ ಒಂದೇ ಇರಲ್ಲ. ಮತ್ತೆ, ಮಾಲೀಕರಿಗೆ ಹೇಳಿಯೇ ಹೋಗಿ. ಕದ್ದು ಬರೆದುಕೊಂಡರೆ ಮುಂದಿನ ಮಾತುಕತೆ ಅಲ್ಲೇ ಕೆಟ್ಟುಹೋಗುತ್ತೆ.

ಮನೆ 14: ಹೋಟೆಲಿಗೆ ಮೆನು ಕಾರ್ಡೇ ಸಾಕ್ಷಿ. ಮುಖ್ಯ ತಿನಿಸುಗಳಲ್ಲಿ ಕರಿದವು ಎಷ್ಟು, ಬೇಯಿಸಿದವು ಎಷ್ಟು? ಕುಡಿಯೋ ನೀರು ಉಚಿತವೇ? ಕೇಳಿದರೆ ಸಾಸ್ ಬೇರೆ ಬಟ್ಟಲಲ್ಲಿ ಕೊಡ್ತಾರಾ? ಮಕ್ಕಳ ಮೆನುವಿನಲ್ಲಿ ತಾನಾಗೇ ಬರೋ ಪಾನೀಯ ಯಾವುದು? ಅರ್ಧ ಪ್ಲೇಟ್ ಇದ್ದರೆ ಅದರ ಬೆಲೆ ಪೂರ್ಣದ ಎಷ್ಟು ಪಾಲು ಅಂತಲೂ ಬರೀರಿ. ಅರ್ಧಕ್ಕೆ ಮುಕ್ಕಾಲು ಬೆಲೆ ಇಟ್ಟರೆ ಯಾರೂ ಅರ್ಧ ಕೇಳಲ್ಲ.

ಎಣ್ಣೆ ಕಪ್ಪಗಿದೆ ಅಂತ ಯಾರ ಮೇಲೂ ದೂರು ಬರೀಬೇಡಿ. ಮಸಾಲೆ, ಹಿಟ್ಟಿನ ಚೂರು ಬಿದ್ದರೂ ಬಣ್ಣ ತಿರುಗುತ್ತೆ. ಅಳೆಯಬೇಕಾದ್ದು ಒಟ್ಟು ಪೋಲಾರ್ ಸಂಯುಕ್ತ, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹೆಚ್ಚೋ ಪದಾರ್ಥಗಳು. 25% ದಾಟಿದ ಎಣ್ಣೆ ಬಳಸಬಾರದು ಅನ್ನೋ ನಿಯಮ ಹಲವು ದೇಶಗಳಲ್ಲಿದೆ. ಅದಕ್ಕೆ ಮೀಟರ್ ಬೇಕು, ಕಣ್ಣಳತೆ ಸಾಲದು.

ಮನೆ 22: ಚಿಪ್ಸ್, ಕೋಲಾ ಮಾರೋದನ್ನೇ ನಿಲ್ಲಿಸಿ ಅಂತ ಮನವಿ ಕೊಟ್ಟರೆ?

ಮನೆ 7: ಬಾಗಿಲು ಮುಚ್ಚಿಸಿಕೊಂಡು ಬರ್ತೀವಿ. ಚಿಪ್ಸ್ ತಿಂಗಳುಗಟ್ಟಲೆ ಕೆಡಲ್ಲ, ಸೊಪ್ಪು ಎರಡೇ ದಿನ. ಕೊಳೆತ ನಷ್ಟ ಅಂಗಡಿಯವರದ್ದು. ಅದಕ್ಕೆ ಮೊದಲು ಬೇಗ ಕೆಡದ ಮೂರನ್ನ ಕೇಳೋಣ: ಒಣ ಕಾಳು, ಇಡೀ ಧಾನ್ಯದ ಹಿಟ್ಟು, ಉಪ್ಪಿಲ್ಲದ ಬೀಜ. ಹಣ್ಣು ತರಕಾರಿಗೆ ನಾವೇ ಮಾತು ಕೊಡಬೇಕು: 20 ಮನೆ, ವಾರಕ್ಕೆ ಎರಡು ಸಲ, ಮನೆಗೆ 2 ಕಿಲೋ. ಸಲಕ್ಕೆ 40 ಕಿಲೋ ಖಾತ್ರಿ ಅಂದರೆ ಅವರ ಮುಖವೇ ಬದಲಾಗುತ್ತೆ. ಮಾಗಿದ ಬಾಳೆ, ಸೇಬಿನ ಪಕ್ಕ ಸೊಪ್ಪು ಇಡಬೇಡಿ ಅಂತಲೂ ಹೇಳಿ. ಅವು ಬಿಡೋ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿ ತಿರುಗುತ್ತೆ.

ಜಾಗದ ವಿಷಯ: ಕಣ್ಣೆತ್ತರದ ಶೆಲ್ಫಿಗೆ ನೀರು, ಕೆಳಗೆ ಕೋಲಾ, ಬಿಲ್ ಕೌಂಟರ್ ಪಕ್ಕ ಚಾಕೊಲೇಟ್ ಬದಲು ಹಣ್ಣಿನ ಬುಟ್ಟಿ. ಫ್ರಿಜ್ ಯಾರದ್ದು ಅಂತ ಮೊದಲೇ ಕೇಳಿ. ಪಾನೀಯ ಕಂಪನಿ ಕೊಟ್ಟಿದ್ದಾದರೆ, ಯಾವ ಸಾಲಿನಲ್ಲಿ ಏನಿಡಬೇಕು ಅನ್ನೋ ಷರತ್ತು ಇರಬಹುದು.

ಮನೆ 31: ಬೋರ್ಡಿನ ಮೇಲೆ "ಆರೋಗ್ಯಕರ" ಅಂತ ಬರೆಸಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಒಂದೇ ರೀತಿ ಬೇಯಿಸಿದ ತರಕಾರಿಗೆ ದಿನಕ್ಕೊಂದು ಬಗೆಯ ಹೆಸರಿಟ್ಟು ನೋಡಿದ್ದರು, 2017ರಲ್ಲಿ ಪ್ರಕಟವಾಯ್ತು. ಬಾಯಲ್ಲಿ ನೀರೂರಿಸೋ ಹೆಸರಿದ್ದ ದಿನ ಹೆಚ್ಚು ಜನ ಬಡಿಸಿಕೊಂಡರು, ಆರೋಗ್ಯದ ಹೆಸರಿದ್ದ ದಿನ ಕಡಿಮೆ.

ಮನೆ 22: ಆಯ್ತು, ಚಿಪ್ಸ್ ಮನವಿ ವಾಪಸ್. ನಮೂನೆಯಲ್ಲಿ ಒಂದು ತಿದ್ದುಪಡಿ: "ಇಲ್ಲ" ಬೇರೆ, "ಇವತ್ತು ಮುಗಿದಿದೆ" ಬೇರೆ ಖಾನೆ ಮಾಡಿ. ಮುಗಿದಿದೆ ಅಂದರೆ ಕೊಳ್ಳೋರು ಇದ್ದಾರೆ ಅಂತ ಅಂಗಡಿಯವರಿಗೇ ತೋರಿಸಬಹುದು.

ಮನೆ 14: ಸೇರಿಸಿದೆ. ಹೊಸ ಹಾಳೆಯನ್ನ ಗುಂಪಿನಲ್ಲಿ ಮೇಲ್ಗಡೆ ಪಿನ್ ಮಾಡಿದ್ದೀನಿ, ಹಳೇದನ್ನ ಪ್ರಿಂಟ್ ತೆಗೀಬೇಡಿ.