ಎದೆಹಾಲು ಸಾಲದು ಎನ್ನುವ ಗೆಳತಿಗೆ ಹೇಗೆ ನೆರವಾಗಲಿ?

ಪ್ರಶ್ನೆ: ಅಕ್ಕ, ನಾವು ಅಮೆರಿಕದ ಅಟ್ಲಾಂಟಾದಲ್ಲಿದ್ದೇವೆ. ಪಕ್ಕದ ಮನೆಯ ಗೆಳತಿ ಕಪ್ಪು ಸಮುದಾಯದವಳು, ಹೆರಿಗೆಯಾಗಿ ಹತ್ತು ದಿನವಾಯಿತು. ಆಸ್ಪತ್ರೆಯಲ್ಲೇ ಮಗುವಿಗೆ ಡಬ್ಬಿ ಹಾಲು ಶುರು ಮಾಡಿದರಂತೆ. ಈಗ ತನಗೆ ಹಾಲೇ ಸಾಲದು ಎನ್ನುತ್ತಾಳೆ. ಅವಳ ತಾಯಿ, ಅಜ್ಜಿ ಇಬ್ಬರೂ ಬಾಟಲಿಯಲ್ಲೇ ಮಕ್ಕಳನ್ನು ಬೆಳೆಸಿದವರು. ಆರು ವಾರಕ್ಕೆ ಕೆಲಸಕ್ಕೆ ಮರಳಬೇಕಂತೆ.

ಉತ್ತರ (ಸ್ತನ್ಯಪಾನ ಸಲಹೆಗಾರ್ತಿ): ತಂಗಿ, ಡಬ್ಬಿ ಹಾಲನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಬೇಡ. ಮಕ್ಕಳ ವೈದ್ಯರು ತೂಕ ನೋಡುತ್ತಾ ಕಡಿಮೆ ಮಾಡಿಸಲಿ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ, ಬಾಟಲಿ ಹೆಚ್ಚಿದಷ್ಟೂ ಇಳಿಯುತ್ತದೆ. ದಿನಕ್ಕೆ 8ರಿಂದ 12 ಬಾರಿ ಎದೆಗೆ ಹಾಕಿಕೊಳ್ಳಲಿ. ನೀವು ಪಕ್ಕದಲ್ಲಿ ಕುಳಿತು ನೋಡಿ: ಮಗುವಿನ ಬಾಯಿ ಅಗಲ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿಕೊಂಡಿರಬೇಕು, ಗದ್ದ ಎದೆಗೆ ತಾಗಿರಬೇಕು. ಬರೀ ತೊಟ್ಟನ್ನು ಕಚ್ಚಿದರೆ ತಾಯಿಗೆ ನೋವು, ಮಗುವಿಗೆ ಹಸಿವು. ದಿನಕ್ಕೆ ಆರಾದರೂ ಡೈಪರ್ ಒದ್ದೆಯಾಗಬೇಕು.

ಎದೆಗೆ ಸೋಂಕಾದರೆ ಚರ್ಮ ಕೆಂಪಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಕಾಣದೇ ಹೋಗಬಹುದು. ಬಿಸಿ, ಗಟ್ಟಿತನ, ನೋವು, ಜ್ವರ ಗಮನಿಸಿ. ಮಗುವಿಗೆ ಕಾಮಾಲೆಯ ಸಂಶಯವಿದ್ದರೆ ಕಣ್ಣಿನ ಬಿಳಿಭಾಗ ಮತ್ತು ಒಸಡು ನೋಡಿ.

ಕೆಲಸದ ವಿಷಯ: 2022ರ ಪಂಪ್ ಕಾಯ್ದೆಯಂತೆ ಹೆಚ್ಚಿನ ನೌಕರರಿಗೆ ಒಂದು ವರ್ಷದವರೆಗೆ ಹಾಲು ಹಿಂಡಲು ಬಿಡುವು ಮತ್ತು ಶೌಚಾಲಯವಲ್ಲದ ಮರೆಯ ಜಾಗ ಸಿಗಬೇಕು. ಈಗಲೇ ಕೇಳಿಡಲಿ. ನಿಮ್ಮ ಊರಿನಲ್ಲೇ ಕಪ್ಪು ತಾಯಂದಿರಿಗಾಗಿ ಕೆಲಸ ಮಾಡುವ 'ರೋಸ್' ಸಂಸ್ಥೆ ಇದೆ. ತನ್ನಂಥವಳೇ ಹಾಲೂಡಿಸುವುದನ್ನು ಕಂಡರೆ ಬರುವ ಧೈರ್ಯ ನನ್ನ ಮಾತಿನಿಂದ ಬಾರದು.

ಇನ್ನೊಬ್ಬ ಸದಸ್ಯೆ: ಆ ಸಮುದಾಯದಲ್ಲಿ ಎದೆಹಾಲು ಕೊಡಲು ಇಷ್ಟವಿಲ್ಲ ಎಂದು ಕೇಳಿದ್ದೆ. ನಿಜವೇ ಮೇಡಂ?

ಉತ್ತರ: ದಯವಿಟ್ಟು ಹಾಗೆನ್ನಬೇಡಿ. 2019ರಲ್ಲಿ ಹೆತ್ತ ಕಪ್ಪು ತಾಯಂದಿರಲ್ಲಿ ನೂರಕ್ಕೆ 73ಕ್ಕೂ ಹೆಚ್ಚು ಮಂದಿ ಹಾಲೂಡಿಸಲು ಆರಂಭಿಸಿದ್ದರು. ದೇಶದ ಒಟ್ಟು ಲೆಕ್ಕ ಸುಮಾರು 83. ಈ ಅಂತರಕ್ಕೆ ಇತಿಹಾಸವಿದೆ. ಗುಲಾಮಗಿರಿಯ ಕಾಲದಲ್ಲಿ ಅವರ ಅಜ್ಜಿಯರು ತಮ್ಮ ಕೂಸನ್ನು ಬಿಟ್ಟು ಯಜಮಾನರ ಕೂಸಿಗೆ ಹಾಲೂಡಿಸಬೇಕಿತ್ತು. 1946ರಲ್ಲಿ ಉತ್ತರ ಕೆರೊಲಿನಾದ ಬಡ ಕಪ್ಪು ಕುಟುಂಬವೊಂದರಲ್ಲಿ ಒಂದೇ ಹೆರಿಗೆಯಲ್ಲಿ ಹುಟ್ಟಿದ ನಾಲ್ವರು ಹೆಣ್ಣುಮಕ್ಕಳನ್ನು ಪೆಟ್ ಮಿಲ್ಕ್ ಕಂಪನಿ ತನ್ನ ಡಬ್ಬಿ ಹಾಲಿನ ಜಾಹೀರಾತಿಗೆ ಬಳಸಿಕೊಂಡಿತು. ಇಂದಿಗೂ ಎಷ್ಟೋ ತಾಯಂದಿರಿಗೆ ಸಂಬಳದ ರಜೆಯಿಲ್ಲ. ನಮ್ಮಲ್ಲಿ ಬಾಣಂತನಕ್ಕೆ ತವರಿನಲ್ಲಿ ತಿಂಗಳುಗಟ್ಟಲೆ ಕೂರಿಸಿ ಆರೈಕೆ ಮಾಡುತ್ತಾರೆ. ಆ ನೆರವಿಲ್ಲದವಳನ್ನು ಇಷ್ಟವಿಲ್ಲದವಳು ಎನ್ನುವುದು ಅನ್ಯಾಯ.

ಮೊದಲಿನವರು: ಅಕ್ಕ, ಅವಳಿಗೆ ನಿನ್ನೆಯಿಂದ ವಿಪರೀತ ತಲೆನೋವು, ಕಣ್ಣು ಮಂಜು, ಮುಖ ಊದಿದೆ. ಆಸ್ಪತ್ರೆಗೆ ಫೋನ್ ಮಾಡಿದರೆ ನಿದ್ದೆ ಸಾಲದು, ಮಲಗಿ ಎಂದರಂತೆ.

ಉತ್ತರ: ಈ ಕ್ಷಣವೇ ತುರ್ತು ವಿಭಾಗಕ್ಕೆ ಹೊರಡಿ. ತೀರಾ ಸುಸ್ತಾಗಿದ್ದರೆ 911ಕ್ಕೆ ಕರೆ ಮಾಡಿ. ಹೆರಿಗೆಯ ನಂತರವೂ ರಕ್ತದೊತ್ತಡ ಏರಿ ಪ್ರಾಣಕ್ಕೆ ಅಪಾಯ ತರಬಹುದು. ಬಾಗಿಲಲ್ಲೇ "ಹೆರಿಗೆಯಾಗಿ ಹತ್ತು ದಿನ" ಎಂದು ಹೇಳಿ ಬಿಪಿ ನೋಡಿಸಿ. ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿದರೂ ಕಾಯುವ ಮಾತೇ ಇಲ್ಲ. 2023ರಲ್ಲಿ ಅಮೆರಿಕದಲ್ಲಿ ಲಕ್ಷ ಜನನಕ್ಕೆ 50 ಕಪ್ಪು ತಾಯಂದಿರು ಸತ್ತರು, ಬಿಳಿಯರಲ್ಲಿ 14.5. ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್‌ರಂಥವರೇ 2017ರಲ್ಲಿ ಹೆರಿಗೆಯಾದ ಮೇಲೆ ಹಠ ಹಿಡಿದು ಸ್ಕ್ಯಾನ್ ಮಾಡಿಸಿಕೊಳ್ಳಬೇಕಾಯಿತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಸ್ಪತ್ರೆಯವರು ಗೆಳತಿಯ ಮಾತನ್ನು ಕೇಳದಿದ್ದರೆ ನೀವು ಜೋರಾಗಿ ಹೇಳಿ.

ಮೊದಲಿನವರು: ಹೊರಟೆವು. ಮಗುವನ್ನೂ ಕರೆದೊಯ್ಯಲೇ?

ಉತ್ತರ: ಹೌದು, ಜೊತೆಗೆ ಡಬ್ಬಿ ಹಾಲೂ ಇರಲಿ. ಹಾಲೂಡಿಸುತ್ತಿರುವುದನ್ನು ವೈದ್ಯರಿಗೆ ತಿಳಿಸಿ, ಎದೆಹಾಲಿಗೆ ತೊಂದರೆಯಾಗದ ಬಿಪಿ ಔಷಧಗಳಿವೆ. ದಾಖಲು ಮಾಡಿಕೊಂಡರೆ ಪಂಪ್ ಕೇಳಿ, ಅವಳಿಗೆ ತ್ರಾಣವಿದ್ದಾಗ ಎರಡು-ಮೂರು ಗಂಟೆಗೊಮ್ಮೆ ಹಿಂಡಲಿ. ತಲುಪಿದ ಕೂಡಲೇ ಬಿಪಿ ಎಷ್ಟಿದೆ ಎಂದು ಇಲ್ಲಿ ಬರೆಯಿರಿ.