ಆರು ತಿಂಗಳ ಅಮೆರಿಕ ವಾಸ: ಅಪ್ಪ ಅಮ್ಮನ ವೀಸಾ ಪ್ರಶ್ನೋತ್ತರ

ವೀಸಾ ಮೇಡಂ: ಎಲ್ಲರಿಗೂ ನಮಸ್ಕಾರ. ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರ ವೀಸಾ ಅರ್ಜಿ ತುಂಬಿಕೊಡುವುದು 17 ವರ್ಷದಿಂದ ನನ್ನ ಕೆಲಸ. ಲಾಯರ್ ಅಲ್ಲ. ಇವತ್ತು ಸಂಜೆ 7ರವರೆಗೆ ಇರುತ್ತೇನೆ. ಅಮೆರಿಕದ ಪ್ರವಾಸಿ ವೀಸಾ, ಅಂದರೆ ಬಿ1/ಬಿ2 ಬಗ್ಗೆ ಕೇಳಿ. ವಾಟ್ಸಾಪ್ ಫಾರ್ವರ್ಡ್ ತಂದು ಅಂಟಿಸಬೇಡಿ, ಪುಣ್ಯ ಬರುತ್ತೆ.

ಮೈಸೂರು ಮೇಷ್ಟ್ರು: ನಮಸ್ಕಾರ ಮೇಡಂ. ನಾನು, ನಮ್ಮ ಮನೆಯವರು ಮೊದಲ ಸಲ ಮಗನ ಮನೆಗೆ ಹೊರಟಿದ್ದೇವೆ. ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಆಗಿದೆಯಂತಲ್ಲ. ಚೆನ್ನೈಗೆ ಅಲೆಯುವುದು ತಪ್ಪಿತೇ?

ವೀಸಾ ಮೇಡಂ: 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು ಸರ್, ನಿಜ. ಆದರೆ ಟೇಪು ಕತ್ತರಿಸಿದ ದಿನವೇ ವೀಸಾ ಕಿಟಕಿ ತೆರೆಯಲಿಲ್ಲ. ಬೆರಳಚ್ಚು, ಫೋಟೊ ಬೆಂಗಳೂರಿನಲ್ಲೇ ಕೊಡಬಹುದು. ಸಂದರ್ಶನಕ್ಕೆ ಚೆನ್ನೈ, ಹೈದರಾಬಾದ್, ಮುಂಬೈ, ದೆಹಲಿ, ಕೋಲ್ಕತ್ತ ಇವುಗಳಲ್ಲಿ ಎಲ್ಲಿ ದಿನಾಂಕ ಸಿಗುತ್ತೋ ಅಲ್ಲಿಗೆ ಹೋಗಬೇಕು. ಮೊದಲು ಡಿಎಸ್-160 ಫಾರಂ ತುಂಬಿ. ಅರ್ಜಿ ಫೀ ತಲೆಗೆ 185 ಡಾಲರ್. ವೀಸಾ ಸಿಗದಿದ್ದರೂ ವಾಪಸ್ ಕೊಡಲ್ಲ.

ಬಸವನಗುಡಿ ಅಂಕಲ್: 80 ದಾಟಿದವರಿಗೆ ಇಂಟರ್ವ್ಯೂ ಇಲ್ಲ, ಕಾಗದಪತ್ರ ಕೊಟ್ಟು ಬರುವ ಡ್ರಾಪ್‌ಬಾಕ್ಸ್ ಸಾಕು ಅಂತ ನಮ್ಮ ವಾಕಿಂಗ್ ಗುಂಪಿನಲ್ಲಿ ಬಂದಿದೆ. ಎಲ್ಲರಿಗೂ ಶೇರ್ ಮಾಡಿ.

ವೀಸಾ ಮೇಡಂ: ಅಂಕಲ್, ಅದು ಹಳೆಯ ಸುದ್ದಿ. 2025ರ ಸೆಪ್ಟೆಂಬರ್ 2ರಿಂದ ವಯಸ್ಸಿನ ಆ ರಿಯಾಯಿತಿ ಹೋಯಿತು. ಪೂರ್ತಿ ಅವಧಿಯ ಹಳೆ ಬಿ1/ಬಿ2 ಮುಗಿದು 12 ತಿಂಗಳೊಳಗೆ ನವೀಕರಿಸುವವರಿಗೆ ಇನ್ನೂ ದಾರಿ ಇದೆ. ಅಲ್ಲೂ ಅಧಿಕಾರಿಗೆ ಬೇಕೆನಿಸಿದರೆ ಕರೆಯುತ್ತಾರೆ. ಮೆಸೇಜಿನ ಕೊನೆಯಲ್ಲಿ ‘ಎಲ್ಲರಿಗೂ ಶೇರ್ ಮಾಡಿ’ ಅಂತ ಇದ್ದರೆ ದಯವಿಟ್ಟು ಯಾರಿಗೂ ಮಾಡಬೇಡಿ.

ಹಾಸನದ ಮಗ: ಅಪ್ಪನಿಗೆ ಬೈಪಾಸ್ ಆಗಿದೆ. ಯಾವ ಇನ್ಶೂರೆನ್ಸ್ ತಗೊಂಡರೆ ಒಳ್ಳೆಯದು ಮೇಡಂ?

ಡಲ್ಲಾಸ್ ಮಗಳು: ಮೇಡಂ, ಅರ್ಜೆಂಟ್. ಅಮ್ಮ ತುಮಕೂರಿನಿಂದ ಮಾರ್ಚ್ 2ಕ್ಕೆ ಬಂದರು. ವೀಸಾ 2029ರವರೆಗೆ ಇದೆ. ಆರು ತಿಂಗಳು ಇರಬಹುದು ಅಂದುಕೊಂಡು ಆಗಸ್ಟ್ 25ಕ್ಕೆ ವಾಪಸ್ ಟಿಕೆಟ್ ಮಾಡಿಸಿದ್ದೆವು. ನಿನ್ನೆ ರಾತ್ರಿ ವೀಲ್‌ಚೇರ್ ಬುಕ್ ಮಾಡಲು ಪಾಸ್‌ಪೋರ್ಟ್ ತೆಗೆದರೆ, ಅದು ಜುಲೈ 14ಕ್ಕೇ ಮುಗಿದಿದೆ! ಈಗೇನು ಮಾಡಬೇಕು? ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಸಾಕಲ್ವಾ?

ವೀಸಾ ಮೇಡಂ: ಅಮ್ಮನ ಐ-94, ಅಂದರೆ ಅಮೆರಿಕದೊಳಗೆ ಬಿಟ್ಟಾಗ ಮಾಡುವ ದಾಖಲೆ, ನೋಡಿದ್ದೀರಾ? ಸಿಬಿಪಿ (ಅಮೆರಿಕದ ಗಡಿ ಕಾಯುವ ಇಲಾಖೆ) ವೆಬ್‌ಸೈಟಿನಲ್ಲಿ ಸಿಗುತ್ತೆ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಹಾಕಿ. ‘ಇಲ್ಲಿಯವರೆಗೆ ಇರಬಹುದು’ ಅನ್ನುವ ದಿನಾಂಕ ಏನಿದೆ ಅಂತ ಈಗಲೇ ನೋಡಿ ಹೇಳಿ. ಉಳಿದದ್ದು ಆಮೇಲೆ.

ಶಿವಮೊಗ್ಗ ಅಜ್ಜಿ: ಬ್ಯಾಂಕಿನಲ್ಲಿ ಎಷ್ಟು ಲಕ್ಷ ತೋರಿಸಬೇಕಮ್ಮಾ? ಒಬ್ಬರು 30 ಅಂತಾರೆ.

ವೀಸಾ ಮೇಡಂ: ಇಷ್ಟೇ ಅಂತ ಲೆಕ್ಕ ಇಲ್ಲ ಅಮ್ಮ. ನಿಮ್ಮದೆಷ್ಟಿದೆಯೋ ಅಷ್ಟೇ ಸಾಕು. ಸಾಲ ತಂದು ತುಂಬಿಸಬೇಡಿ.

ಡಲ್ಲಾಸ್ ಮಗಳು: ನೋಡಿದೆ. ಜುಲೈ 14 ಅಂತಲೇ ಇದೆ. ಕೈ ನಡುಗುತ್ತಿದೆ ಮೇಡಂ. ಇವತ್ತು ಆಗಸ್ಟ್ 3.

ವೀಸಾ ಮೇಡಂ: ಒಂದು ಲೋಟ ನೀರು ಕುಡಿದು ಓದಿ. ಸ್ವಲ್ಪ ಉದ್ದ ಬರೆಯುತ್ತೇನೆ. ಉಳಿದವರೂ ಓದಿ, ಇದು ನಿಮ್ಮ ಮನೆಯಲ್ಲೂ ಆಗಬಹುದು.

ವೀಸಾ ಅನ್ನುವುದು ಬಾಗಿಲು ತಟ್ಟಲು ಕೊಟ್ಟ ಚೀಟಿ. ಒಳಗೆ ಎಷ್ಟು ದಿನ ಕೂರಬಹುದು ಅಂತ ಹೇಳುವುದು ಐ-94. ಅದನ್ನು ಕೊಡುವವರು ವಿಮಾನ ಇಳಿದ ಕಡೆ ಇರುವ ಅಧಿಕಾರಿ. ಬಿ2ಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆದರೆ ಪಾಸ್‌ಪೋರ್ಟ್ ಅದಕ್ಕೂ ಮೊದಲೇ ಮುಗಿಯುವುದಾದರೆ ಎಷ್ಟೋ ಸಲ ಆ ದಿನಕ್ಕೇ ಕತ್ತರಿಸಿಬಿಡುತ್ತಾರೆ. ಭಾರತದ ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಬಾಕಿ ಇಲ್ಲದಿದ್ದರೂ ಅಮೆರಿಕದೊಳಗೆ ಬಿಡುತ್ತಾರೆ. ಹಾಗಾಗಿ ಹತ್ತುವಾಗಲೂ ಯಾರೂ ತಡೆಯಲ್ಲ, ಇಳಿದಾಗಲೂ ಯಾರೂ ಬಾಯಿಬಿಟ್ಟು ಹೇಳಲ್ಲ. ಕಾಗದದ ಐ-94 ಕೈಗೆ ಕೊಡುವುದೂ ಈಗ ನಿಂತಿದೆ. ಅಮ್ಮನಿಗೆ ಗೊತ್ತಾಗುವುದಾದರೂ ಹೇಗೆ?

ಜುಲೈ 14ರ ಮೇಲೆ 20 ದಿನ ಕಳೆದಿದೆ. ಇದು ಓವರ್‌ಸ್ಟೇ. ಸಮಾಧಾನದ ಮಾತು ಮೊದಲು ಹೇಳುತ್ತೇನೆ: 180 ದಿನ ದಾಟಿ ಹೊರಟರೆ ಮೂರು ವರ್ಷ, ಒಂದು ವರ್ಷವೇ ದಾಟಿದರೆ ಹತ್ತು ವರ್ಷ ಪ್ರವೇಶ ಇಲ್ಲ. ಅಮ್ಮ ಅಷ್ಟು ದೂರ ಹೋಗಿಲ್ಲ. ಕಹಿ ಮಾತು ಇದು: ಐ-94 ದಿನಾಂಕ ಒಂದು ದಿನ ಮೀರಿದರೂ ಇರುವ ವೀಸಾ ತಾನಾಗಿಯೇ ರದ್ದು. ಪಾಸ್‌ಪೋರ್ಟಿನಲ್ಲಿ 2029 ಅಂತ ಇದ್ದರೂ ಇನ್ನು ಅದು ಬರೀ ಸ್ಟಿಕ್ಕರ್. ಮುಂದಿನ ಸಲ ಭಾರತದಲ್ಲೇ ಹೊಸದಾಗಿ ಅರ್ಜಿ ಹಾಕಬೇಕು.

ಈಗ ಮಾಡಬೇಕಾದ್ದು. ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತಲಾಗದು. ನಾಳೆ ಬೆಳಿಗ್ಗೆ ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟಿಗೆ ಹೊಸ ಪಾಸ್‌ಪೋರ್ಟಿನ ಅರ್ಜಿ ಶುರು ಮಾಡಿ, ತತ್ಕಾಲ್‌ನಲ್ಲೇ. ಅದೂ ತಡ ಅನಿಸಿದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಅಂತ ಇದೆ, ಭಾರತಕ್ಕೆ ಒಂದು ಸಲ ವಾಪಸ್ ಬರಲು ಮಾತ್ರ. ಜೊತೆಗೆ ಅಲ್ಲಿನ ಇಮಿಗ್ರೇಶನ್ ಲಾಯರ್ ಒಬ್ಬರಿಗೆ ದುಡ್ಡು ಕೊಟ್ಟು ಒಂದು ಗಂಟೆ ಮಾತಾಡಿ. ಅವಧಿ ವಿಸ್ತರಣೆಯ ಐ-539 ಅರ್ಜಿಯನ್ನು ಐ-94 ಮುಗಿಯುವ ಮೊದಲೇ ಹಾಕಬೇಕಿತ್ತು. ನಮ್ಮ ಕೈಮೀರಿದ ಕಾರಣ ಇದ್ದರೆ ತಡವಾದದ್ದನ್ನು ಮನ್ನಿಸುವ ಅಧಿಕಾರ ಅಲ್ಲಿನ ಇಮಿಗ್ರೇಶನ್ ಇಲಾಖೆಗಿದೆ. ಆದರೆ ‘ನೋಡಲಿಲ್ಲ’ ಅನ್ನುವುದು ಆ ಸಾಲಿಗೆ ಬರುತ್ತೆ ಅಂತ ನನಗೆ ಧೈರ್ಯ ಇಲ್ಲ. ಅದರ ಮೇಲೆ ಭರವಸೆ ಇಟ್ಟು ಕೂರಬೇಡಿ. 25ರವರೆಗೂ ಕಾಯಬೇಡಿ. ಕಾಗದ ಕೈಗೆ ಬಂದ ತಕ್ಷಣ ಅದಕ್ಕೂ ಮೊದಲಿನ ದಿನಕ್ಕೆ ಟಿಕೆಟ್ ಬದಲಾಯಿಸಿ.

ಬಸವನಗುಡಿ ಅಂಕಲ್: ಇಷ್ಟೆಲ್ಲ ತಲೆನೋವು ಯಾಕೆ? ಕಾರಿನಲ್ಲಿ ನಯಾಗರ ಹೋಗಿ, ಕೆನಡಾ ಕಡೆ ಕಾಲಿಟ್ಟು ವಾಪಸ್ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತೆ. ನನ್ನ ಷಡ್ಡಕನ ಮಗ ಮಾಡಿದ್ದಾನೆ.

ವೀಸಾ ಮೇಡಂ: ಅಂಕಲ್!! ಈ ಮಗು ಏನಾದರೂ ನಿಮ್ಮ ಮಾತು ಕೇಳಿ ಗಡಿಗೆ ಹೋದರೆ ಅಮ್ಮ ಸಿಕ್ಕಿಹಾಕಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಮುಗಿದಿದೆ, ವೀಸಾ ರದ್ದಾಗಿದೆ, ಕೆನಡಾಕ್ಕೆ ಹೋಗಲು ಭಾರತೀಯರಿಗೆ ಕೆನಡಾ ವೀಸಾ ಬೇರೆ ಬೇಕು. ಎಲ್ಲ ಸರಿ ಇದ್ದವರಿಗೂ ಈ ಉಪಾಯ ನಡೆಯಲ್ಲ. ಕೆನಡಾಕ್ಕೋ ಮೆಕ್ಸಿಕೊಗೋ ಹೋಗಿ 30 ದಿನದೊಳಗೆ ಬಂದರೆ ಸಾಮಾನ್ಯವಾಗಿ ಹಳೆಯ ಐ-94ರಲ್ಲಿ ಉಳಿದ ದಿನಗಳೇ ಮುಂದುವರಿಯುತ್ತವೆ. ದಯವಿಟ್ಟು ಆ ಮೆಸೇಜ್ ಅಳಿಸಿ.

ಬಸವನಗುಡಿ ಅಂಕಲ್: ಸಹಾಯ ಮಾಡೋಣ ಅಂದರೆ ಬೈತಾರೆ.

ಎಡಿಸನ್ ಸೊಸೆ: ಮೇಡಂ, ನನಗೆ ನವೆಂಬರ್‌ನಲ್ಲಿ ಹೆರಿಗೆ. ಅಮ್ಮ ಬಾಣಂತನಕ್ಕೆ ಬರಬೇಕು. ಇಂಟರ್ವ್ಯೂನಲ್ಲಿ ಮಗು ವಿಷಯ ಹೇಳಬಹುದಾ? ಹೇಳಬಾರದು ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

ವೀಸಾ ಮೇಡಂ: ನಿಜ ಹೇಳಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ಮಗಳ ಜೊತೆ ಇರಲು, ಮೊಮ್ಮಗು ನೋಡಲು ಹೋಗುವುದು ತಪ್ಪಲ್ಲ. ಸಂಬಳದ ದಾದಿಯ ಬದಲು ದುಡಿಯಲು ಬಂದಿದ್ದಾರೆ ಅಂತ ಅನಿಸಿದರೆ ತೊಂದರೆ.

ನಮ್ಮ ‘ಬಾಣಂತನ’ಕ್ಕೆ ಇಂಗ್ಲಿಷಿನಲ್ಲಿ ಪದ ಇಲ್ಲ ನೋಡಿ, ಅಲ್ಲೇ ಎಡವಟ್ಟು. ನನ್ನ ಹತ್ತಿರ ಅರ್ಜಿ ಮಾಡಿಸಿದ ಅಮ್ಮ ಒಬ್ಬರು ವಿಮಾನ ನಿಲ್ದಾಣದಲ್ಲಿ ‘ಮಗಳ ಬಾಣಂತನ ಮಾಡೋಕೆ’ ಅಂದರು. ಫೋನಿನಲ್ಲಿದ್ದ ಅನುವಾದಕ ಅದನ್ನು ‘ಮಗು ನೋಡಿಕೊಳ್ಳುವ ಕೆಲಸಕ್ಕೆ’ ಅಂತ ಮಾಡಿದ. ಎಷ್ಟು ಕೊಡುತ್ತಾರೆ ಅಂತ ಅಧಿಕಾರಿ ಕೇಳಿದರು. ಅಮ್ಮ ನಗುತ್ತಾ ‘ಮಗಳು ಏನು ಕೊಡ್ತಾಳೆ, ಒಂದು ಸೀರೆ ಕೊಡಿಸ್ತಾಳೆ’ ಅಂದರು. ಎರಡು ಗಂಟೆ ಒಳಗೆ ಕೂರಿಸಿದರು. ಬ್ಯಾಗಿನಲ್ಲಿದ್ದ ಅಂಟಿನುಂಡೆ, ಬಜೆ ಬೇರು ಒಂದೊಂದನ್ನೂ ಬಿಚ್ಚಿಸಿ ನೋಡಿದರು. ಕೊನೆಗೆ ಬಿಟ್ಟರು ಅನ್ನಿ. ‘ಮಗಳ ಮನೆಗೆ ಬಂದಿದ್ದೇನೆ, ಮೊಮ್ಮಗು ಬರುತ್ತಿದೆ, ಇಂಥ ತಾರೀಖಿಗೆ ವಾಪಸ್’ ಅಂತ ಅಮ್ಮನಿಗೆ ಹೇಳಿಕೊಡಿ. ಅದೇ ನಿಜ ತಾನೇ?

ಹುಬ್ಬಳ್ಳಿ ಕಾಕಾ: ನಿಜ ಹೇಳೋದಾದ್ರ ಪೂರ್ತಿ ಹೇಳ್ರೀ. ಆರು ತಿಂಗಳು ಬೀಗರು, ಆರು ತಿಂಗಳು ನಾವು ಅಂತ ಪಾಳಿ ಹಚ್ಚಿ ಕರೆಸ್ತಾರ. ಡೇ ಕೇರ್ ರೊಕ್ಕ ಉಳೀತದ. ಇದು ಕೆಲಸ ಅಲ್ಲದ ಮತ್ತೇನ್ರೀ?

ಎಡಿಸನ್ ಸೊಸೆ: ಅಂಕಲ್, ಯಾರೂ ಕೈಕಾಲು ಕಟ್ಟಿ ಕರೆಸಿಲ್ಲ. ಮೊಮ್ಮಗು ಬೇಕು ಬೇಕು ಅಂದವರು ಯಾರು?

ಹುಬ್ಬಳ್ಳಿ ಕಾಕಾ: ಬೇಕು ಅಂದೇವಿ. ಜನವರಿ ಚಳಿಯೊಳಗ ಮನಿಯೊಳಗ ಕುಂತು ಕಿಟಕಿ ನೋಡಬೇಕು ಅಂದಿಲ್ಲ.

ಶಿವಮೊಗ್ಗ ಅಜ್ಜಿ: ನಾನು ಮೂರು ಸಲ ಹೋಗಿದ್ದೇನಪ್ಪ. ಎರಡು ಸಲ ಮೊಮ್ಮಕ್ಕಳಿಗೆ. ಮೂರನೇ ಸಲ ಸುಮ್ನೆ ಹೋದೆ, ನನ್ನ ಮಗ ಒಂದು ದಿನವೂ ರಜೆ ಹಾಕಲಿಲ್ಲ. ಮಗು ಇದ್ದಾಗಲೇ ಚೆನ್ನಾಗಿತ್ತು.

ಎಡಿಸನ್ ಸೊಸೆ: ಇದು ವೀಸಾ ಪ್ರಶ್ನೆಯ ಜಾಗ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಥ್ಯಾಂಕ್ಸ್ ಮೇಡಂ. ಉಳಿದವರು ನಮ್ಮ ಮನೆ ಪಂಚಾಯ್ತಿ ಮಾಡಬೇಕಿಲ್ಲ.

ಹುಬ್ಬಳ್ಳಿ ಕಾಕಾ: ನಿಮ್ಮ ಮನಿ ಅಂತ ಯಾರು ಅಂದ್ರು? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ.

ವೀಸಾ ಮೇಡಂ: ಸಾಕು ಇಬ್ಬರೂ.

ಮ್ಯೂನಿಕ್ ಹುಡುಗ: ಜರ್ಮನಿಗೆ ಅಪ್ಪ ಅಮ್ಮನನ್ನು ಆರು ತಿಂಗಳು ಕರೆಸಬಹುದಾ? ಊರು ಕುಂದಾಪುರ.

ವೀಸಾ ಮೇಡಂ: ಷೆಂಗೆನ್ ವೀಸಾದಲ್ಲಿ, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾದಲ್ಲಿ, ಆಗಲ್ಲ. ಯಾವುದೇ 180 ದಿನದಲ್ಲಿ 90 ದಿನ ಅಷ್ಟೇ. ಪಕ್ಕದ ಷೆಂಗೆನ್ ದೇಶಕ್ಕೆ ಹೋಗಿ ಬಂದರೂ ಲೆಕ್ಕ ನಿಲ್ಲಲ್ಲ.

ಮೈಸೂರು ಮೇಷ್ಟ್ರು: ಕೆನಡಾದಲ್ಲಿ ಐದು ವರ್ಷ ಇರಬಹುದಂತೆ, ಹೌದೇ? ಸುಮ್ಮನೆ ಕುತೂಹಲ.

ವೀಸಾ ಮೇಡಂ: ಸೂಪರ್ ವೀಸಾ ಸರ್. ಮಕ್ಕಳು ಅಥವಾ ಮೊಮ್ಮಕ್ಕಳು ಅಲ್ಲಿನ ಪ್ರಜೆ ಇಲ್ಲವೇ ಕಾಯಂ ನಿವಾಸಿ ಆಗಿರಬೇಕು. ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು, ಕರೆಸುವವರ ಆದಾಯವನ್ನೂ ನೋಡುತ್ತಾರೆ. ನಿಮ್ಮ ಮಗ ಇರುವುದು ಅಮೆರಿಕದಲ್ಲಿ.

ಹಾಸನದ ಮಗ: ಮೇಡಂ, ಬೈಪಾಸ್ ಇನ್ಶೂರೆನ್ಸ್ ಪ್ರಶ್ನೆ ಮೇಲೆ ಕೇಳಿದ್ದೆ.

ಬಸವನಗುಡಿ ಅಂಕಲ್: ಹೈದರಾಬಾದ್ ಹತ್ತಿರ ಚಿಲ್ಕೂರು ಬಾಲಾಜಿ ಇದ್ದಾನೆ. 11 ಪ್ರದಕ್ಷಿಣೆ ಹಾಕಿ ಬೇಡಿಕೊಂಡು, ವೀಸಾ ಬಂದ ಮೇಲೆ 108 ಹಾಕಬೇಕು. ಇದು ಫಾರ್ವರ್ಡ್ ಅಲ್ಲ, ನಾನೇ ಹಾಕಿದ್ದೇನೆ.

ವೀಸಾ ಮೇಡಂ: ಅದಕ್ಕೆ ನನ್ನ ತಕರಾರಿಲ್ಲ. ಡಿಎಸ್-160 ಮಾತ್ರ ಸರಿಯಾಗಿ ತುಂಬಿ ಹೋಗಿ.

ಗದಗ ತಂದೆ: ನನ್ನ ವೀಸಾ 214(ಬಿ) ಅಂತ ತಿರಸ್ಕಾರ ಆಯಿತು. ಆರು ತಿಂಗಳು ಬಿಟ್ಟು ಹಾಕಬೇಕಾ? ಸ್ಲಾಟ್ ಬೇಗ ಕೊಡಿಸ್ತೀನಿ ಅಂತ ಒಬ್ಬ 20 ಸಾವಿರ ಕೇಳ್ತಿದ್ದಾನೆ.

ವೀಸಾ ಮೇಡಂ: 214(ಬಿ) ಅಂದರೆ ನೀವು ವಾಪಸ್ ಬರುತ್ತೀರಿ ಅಂತ ಅಧಿಕಾರಿಗೆ ಮನವರಿಕೆ ಆಗಿಲ್ಲ ಅಂತ. ಕಾಯುವ ನಿಯಮ ಇಲ್ಲ. ಆದರೆ ನಿಮ್ಮ ಸ್ಥಿತಿ ಏನೂ ಬದಲಾಗದೆ ಮತ್ತೆ ಹಾಕಿದರೆ ಉತ್ತರವೂ ಬದಲಾಗಲ್ಲ. ವಾಪಸ್ ಬರುತ್ತೀರಿ ಅನ್ನುವುದು ಅವರಿಗೆ ಕಾಣಬೇಕು. ಮಗ ನಿಮಗಾಗಿ ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ, ಆ ಪ್ರಶ್ನೆ ಅಲ್ಲೇ ಇದೆ. 20 ಸಾವಿರದವನಿಗೆ ಪಾಸ್‌ವರ್ಡ್ ಕೊಟ್ಟರೆ ದುಡ್ಡೂ ಹೋಗುತ್ತೆ, ಖಾತೆಯೂ ಲಾಕ್ ಆಗುತ್ತೆ. ಕೊಡಬೇಡಿ.

ರಾಜಾಜಿನಗರ ಸೊಸೆ: ಮಾವನಿಗೆ 82. ಡ್ರಾಪ್‌ಬಾಕ್ಸ್ ಇದೆ ಅಲ್ವಾ?

ವೀಸಾ ಮೇಡಂ: ಮೇಲೆ ಓದಿ.

ರಾಜಾಜಿನಗರ ಸೊಸೆ: ಓದಿದೆ. ಅಂಕಲ್ ಇದೆ ಅಂದಿದ್ದಾರಲ್ಲ?

ವೀಸಾ ಮೇಡಂ: ಹಾಗಾದರೆ ಅಂಕಲ್ ಹತ್ತಿರವೇ ಮಾಡಿಸಿ.

ಬಸವನಗುಡಿ ಅಂಕಲ್: ಇಷ್ಟು ಕೊಬ್ಬು ಇರಬಾರದು ಮೇಡಂ. ಹಿರಿಯರು ನಾವು.

ಕಾರ್ಕಳ ಅಕ್ಕ: ಜಗಳ ಬಿಡಿ. ಹಸಿ ಕರಿಬೇವು ತಗೊಂಡು ಹೋಗಬಹುದಾ?

ವೀಸಾ ಮೇಡಂ: ಇಲ್ಲ. ನಿಂಬೆ ಜಾತಿಯ ಗಿಡಗಳ ರೋಗ ಹರಡುವ ಕೀಟ ಅದರಲ್ಲಿ ಇರುತ್ತೆ ಅಂತ ತಡೆಯುತ್ತಾರೆ. ಉಪ್ಪಿನಕಾಯಿ, ಸಾರಿನ ಪುಡಿ ಏನೇ ಇದ್ದರೂ ಆಹಾರ ಇದೆ ಅಂತ ಮೊದಲೇ ಹೇಳಿಬಿಡಿ.

ಹಾಸನದ ಮಗ: ಕರಿಬೇವಿಗೆ ಉತ್ತರ ಇದೆ, ಬೈಪಾಸ್‌ಗೆ ಇಲ್ಲ. ಪರವಾಗಿಲ್ಲ.

ಡಲ್ಲಾಸ್ ಮಗಳು: ಮೇಡಂ, ಅರ್ಜಿ ಆನ್‌ಲೈನ್‌ನಲ್ಲಿ ಶುರು ಮಾಡಿದೆವು. ನಾಳೆ 10ಕ್ಕೆ ಲಾಯರ್ ಸಿಗುತ್ತಾರೆ. ಅಮ್ಮ ಮಧ್ಯಾಹ್ನದಿಂದ ಊಟ ಮಾಡಿಲ್ಲ. ನಿಲ್ದಾಣದಲ್ಲಿ ಪೊಲೀಸರು ಹಿಡಿಯುತ್ತಾರಾ ಅಂತ ಕೇಳುತ್ತಿದ್ದಾರೆ. ಸೂಟ್‌ಕೇಸ್ ತುಂಬಿ ಬಾಗಿಲ ಹತ್ತಿರ ಇಟ್ಟುಕೊಂಡು ಕೂತಿದ್ದಾರೆ.

ವೀಸಾ ಮೇಡಂ: ಹೊರಟು ನಿಂತವರನ್ನು ಹಿಡಿಯುವ ಕೌಂಟರ್ ಅಲ್ಲಿ ಇಲ್ಲ ಅಂತ ಅಮ್ಮನಿಗೆ ಹೇಳಿ. ನಮ್ಮಲ್ಲಿ ಹೋಗುವಾಗ ಠಸ್ಸೆ ಒತ್ತುವ ಹಾಗೆ ಅಮೆರಿಕದಲ್ಲಿ ಇಮಿಗ್ರೇಶನ್ ಸಾಲು ಇಲ್ಲ. ಹೊರಟವರ ವಿವರ ವಿಮಾನ ಕಂಪನಿಯಿಂದಲೇ ಸರ್ಕಾರಕ್ಕೆ ಹೋಗುತ್ತದೆ. ಅದಕ್ಕೇ ಬೋರ್ಡಿಂಗ್ ಪಾಸ್ ಎಸೆಯಬೇಡಿ, ಬೆಂಗಳೂರಿನಲ್ಲಿ ಇಳಿದಾಗ ಒತ್ತುವ ಠಸ್ಸೆಯ ಫೋಟೊ ತೆಗೆದಿಡಿ. ಮುಂದೆ ಹೊಸ ಅರ್ಜಿಯಲ್ಲಿ ‘ಅವಧಿ ಮೀರಿ ಉಳಿದಿದ್ದೀರಾ’ ಅಂತ ಕೇಳುತ್ತಾರೆ. ‘ಹೌದು’ ಅಂತಲೇ ಬರೆಯಬೇಕು, ಯಾಕೆ ಅಂತ ಎರಡು ಸಾಲು ಸೇರಿಸಬೇಕು. ಆಗ ಆ ಪಾಸ್, ಆ ಫೋಟೊ ಕೈಯಲ್ಲಿರಲಿ. ಹಳೆ ಪಾಸ್‌ಪೋರ್ಟ್ ಹರಿಯಬೇಡಿ.

ಅಮ್ಮನಿಗೆ ಮೊಸರನ್ನ ಆದರೂ ಕೊಡಿ. ಲಾಯರ್ ಏನಂದರು ಅಂತ ನಾಳೆ ನನಗೆ ನೇರವಾಗಿ ಮೆಸೇಜ್ ಮಾಡಿ, ಇಲ್ಲಿ ಬೇಡ.