ಕಾಂಪ್ಯಾಕ್ಟ್ ಎಸ್‌ಯುವಿ: ಮಧ್ಯದ ವೇರಿಯಂಟ್ ಸಾಕೇ, ಟಾಪ್ ಎಂಡ್ ಬೇಕೇ?

ಪ್ರಶ್ನೆ

ನಮಸ್ಕಾರ. ಯಾವ ಕಾರು ಎಂಬುದು ಮನೆಯಲ್ಲಿ ತೀರ್ಮಾನವಾಗಿದೆ. ಯಾವ ವೇರಿಯಂಟ್ ಎಂಬಲ್ಲಿ ಸಿಕ್ಕಿಕೊಂಡಿದ್ದೇವೆ. ಮೂರರಲ್ಲೂ ಅದೇ ಪೆಟ್ರೋಲ್ ಎಂಜಿನ್, ಅದೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಬೇಸ್ ಮಾಡೆಲ್‌ನಲ್ಲಿ 16 ಇಂಚಿನ ಸ್ಟೀಲ್ ಚಕ್ರಗಳು, ಹ್ಯಾಲೊಜೆನ್ ದೀಪಗಳು ಮತ್ತು ಮುಂಭಾಗದ ಎರಡು ಏರ್‌ಬ್ಯಾಗ್‌ಗಳು ಮಾತ್ರ ಇವೆ. ಮಧ್ಯದ ವೇರಿಯಂಟ್‌ನಲ್ಲಿ ಚಕ್ರ ಮತ್ತು ದೀಪ ಅವೇ ಆಗಿದ್ದು, ಆರು ಏರ್‌ಬ್ಯಾಗ್, ಇಎಸ್‌ಸಿ (ಕಾರು ಜಾರಿ ಹಾದಿ ತಪ್ಪದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ), ರಿವರ್ಸ್ ಕ್ಯಾಮೆರಾ, ಹಿಂಬದಿಯ ಗಾಜಿಗೆ ವೈಪರ್ ಹಾಗೂ ಎತ್ತರ ಹೊಂದಿಸಬಹುದಾದ ಚಾಲಕನ ಸೀಟು ಸೇರುತ್ತವೆ. ಟಾಪ್ ಎಂಡ್‌ನಲ್ಲಿ ಇವೆಲ್ಲದರ ಜೊತೆಗೆ 18 ಇಂಚಿನ ಅಲಾಯ್ ಚಕ್ರ, ಪನೋರಮಿಕ್ ಸನ್‌ರೂಫ್, 360 ಡಿಗ್ರಿ ಕ್ಯಾಮೆರಾ, ಎಲ್‌ಇಡಿ ದೀಪ ಮತ್ತು ಅಡಾಸ್ (ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳು) ಇವೆ. ನಮ್ಮದು ಹೆಚ್ಚಾಗಿ ನಗರದೊಳಗಿನ ಓಡಾಟ, ಆಗಾಗ ಹೆದ್ದಾರಿಯಲ್ಲಿ ದೂರದ ಪ್ರಯಾಣ. ಹಿಂದಿನ ಸೀಟಿನಲ್ಲಿ ವಯಸ್ಸಾದ ತಂದೆ ತಾಯಿ ಕೂರುತ್ತಾರೆ. ಟಾಪ್ ಎಂಡ್ ತೆಗೆದುಕೊಂಡರೆ ಸಾಲದ ಕಂತು ಸ್ವಲ್ಪ ಭಾರವಾಗುತ್ತದೆಯಾದರೂ ಅಸಾಧ್ಯವೇನಲ್ಲ. ತಿಳಿದವರು ಸಲಹೆ ನೀಡಬೇಕೆಂದು ವಿನಂತಿ.

ಮೊದಲನೆಯ ಉತ್ತರ

ಮೊದಲು ಬೇಸ್ ಮಾಡೆಲನ್ನು ಪಟ್ಟಿಯಿಂದ ತೆಗೆದುಬಿಡಿ. ವೇರಿಯಂಟ್ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸೌಲಭ್ಯವನ್ನು ಆಮೇಲೆ ಹಾಕಿಸಿಕೊಳ್ಳಬಹುದೇ, ಇಲ್ಲವೇ? ಟಚ್‌ಸ್ಕ್ರೀನ್, ಸ್ಪೀಕರ್, ರಿವರ್ಸ್ ಕ್ಯಾಮೆರಾಗಳನ್ನು ಎಂದು ಬೇಕಾದರೂ ಹಾಕಿಸಬಹುದು. ಪಕ್ಕದ ಏರ್‌ಬ್ಯಾಗ್, ಕಿಟಕಿಯುದ್ದಕ್ಕೂ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮತ್ತು ಇಎಸ್‌ಸಿಗಳು ಕಾರ್ಖಾನೆಯಿಂದ ಬಂದರೆ ಬಂದಂತೆ, ಇಲ್ಲದಿದ್ದರೆ ಇಲ್ಲ.

ಇಎಸ್‌ಸಿ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಶೋರೂಮಿನಲ್ಲಿ ಸನ್‌ರೂಫ್ ತೆರೆದು ತೋರಿಸುವಷ್ಟು ಉತ್ಸಾಹದಿಂದ ಇದನ್ನು ಯಾರೂ ವಿವರಿಸುವುದಿಲ್ಲ. ಸ್ಟೇರಿಂಗ್ ಎಷ್ಟು ತಿರುಗಿದೆ, ಪ್ರತಿಯೊಂದು ಚಕ್ರ ಎಷ್ಟು ವೇಗವಾಗಿ ಉರುಳುತ್ತಿದೆ, ಕಾರು ನಿಜವಾಗಿ ಯಾವ ಕಡೆಗೆ ಹೊರಳುತ್ತಿದೆ ಎಂಬುದನ್ನು ಇದು ನಿರಂತರವಾಗಿ ಹೋಲಿಸಿ ನೋಡುತ್ತಿದ್ದು, ಚಾಲಕ ತಿರುಗಿಸಿದ ದಿಕ್ಕಿಗೂ ಕಾರು ಸಾಗುತ್ತಿರುವ ದಿಕ್ಕಿಗೂ ತಾಳೆಯಾಗದಿದ್ದಾಗ ಯಾವ ಚಕ್ರವನ್ನು ಹಿಡಿದರೆ ಕಾರು ಹಾದಿಗೆ ಬರುತ್ತದೋ ಆ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಎತ್ತರದ ವಾಹನಗಳಲ್ಲಿ ಗುರುತ್ವ ಕೇಂದ್ರ ಮೇಲಿರುವುದರಿಂದ ಇದರ ಪ್ರಯೋಜನ ಇನ್ನೂ ಹೆಚ್ಚು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಐರೋಪ್ಯ ಒಕ್ಕೂಟದಲ್ಲಿ 2014ರಿಂದ ಇದನ್ನು ಹೊಸ ಕಾರುಗಳಿಗೆ ಕಡ್ಡಾಯಗೊಳಿಸಿರುವುದು ಸುಮ್ಮನೆ ಅಲ್ಲ.

ಅಪಘಾತ ಪರೀಕ್ಷೆಯ ನಕ್ಷತ್ರಗಳನ್ನು ನೋಡುವಾಗಲೂ, ಪರೀಕ್ಷೆಗೊಳಗಾದ ಕಾರಿನಲ್ಲಿ ಯಾವ ಸುರಕ್ಷಾ ಸಾಧನಗಳಿದ್ದವು ಎಂಬುದನ್ನು ವರದಿಯಲ್ಲೇ ಓದಿಕೊಳ್ಳಿ. ಐದು ನಕ್ಷತ್ರ ಎಂಬ ಜಾಹೀರಾತು ಎಲ್ಲ ವೇರಿಯಂಟ್‌ಗೂ ಸಲ್ಲಬೇಕೆಂದಿಲ್ಲ.

ಎರಡನೆಯ ಉತ್ತರ

ಹಿಂದಿನ ಸೀಟಿನಲ್ಲಿ ಹಿರಿಯರು ಕೂರುತ್ತಾರೆ ಎಂದಿರುವುದರಿಂದ ಚಕ್ರದ ವಿಷಯ ಹೇಳಲೇಬೇಕು. 16 ಇಂಚಿನ ಚಕ್ರಕ್ಕೆ ಹಾಕುವ 215/65 ಆರ್16 ಅಳತೆಯ ಟೈರಿನ ಪಕ್ಕದ ಗೋಡೆಯ ಎತ್ತರ ಸುಮಾರು 140 ಮಿಲಿಮೀಟರ್. 18 ಇಂಚಿನ ಚಕ್ರದ 215/55 ಆರ್18 ಟೈರಿನಲ್ಲಿ ಅದು ಸುಮಾರು 118ಕ್ಕೆ ಇಳಿಯುತ್ತದೆ. ಹೊಂಡ ಬಿದ್ದ ರಸ್ತೆಯ ಹೊಡೆತವನ್ನು ಸಸ್ಪೆನ್ಷನ್‌ಗಿಂತ ಮೊದಲು ನುಂಗುವುದು ಆ ರಬ್ಬರ್ ಗೋಡೆ ಮತ್ತು ಅದರೊಳಗಿನ ಗಾಳಿಯೇ ಆಗಿರುವಾಗ, ಎರಡು ಸೆಂಟಿಮೀಟರ್ ಕಡಿಮೆಯಾಗುವುದನ್ನು ಹಿಂದೆ ಕುಳಿತವರ ಸೊಂಟ ಗುರುತಿಸದೆ ಬಿಡುವುದಿಲ್ಲ. ಹೊಂಡಕ್ಕೆ ಇಳಿದರೆ ರಿಮ್ ಬಾಗುವ ಅಪಾಯವೂ ಹೆಚ್ಚು, ಟೈರಿನ ಬೆಲೆಯೂ ಹೆಚ್ಚು.

ಟೆಸ್ಟ್ ಡ್ರೈವ್‌ಗೆಂದು ಕೊಡುವ ಕಾರು ಸಾಮಾನ್ಯವಾಗಿ ಟಾಪ್ ಎಂಡ್ ಆಗಿರುತ್ತದೆ. ಹಾಗಾಗಿ ಮಧ್ಯದ ವೇರಿಯಂಟನ್ನೇ ಕೇಳಿ ಪಡೆದು, ತಂದೆ ತಾಯಿಯನ್ನು ಹಿಂದೆ ಕೂರಿಸಿಕೊಂಡು, ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡಿ. ಸನ್‌ರೂಫ್‌ನ ಚೌಕಟ್ಟಿನಿಂದ ಹಿಂದಿನ ಸೀಟಿನಲ್ಲಿ ತಲೆಯ ಮೇಲಿನ ಜಾಗ ಎಷ್ಟು ತಗ್ಗಿದೆ ಎಂಬುದೂ ಆಗಲೇ ತಿಳಿಯುತ್ತದೆ. ಸ್ಟೆಪ್ನಿಯನ್ನೂ ತೆರೆದು ನೋಡಿ: ದೊಡ್ಡ ಅಲಾಯ್ ಇರುವ ಕಾರುಗಳಿಗೆ ಹಲವೊಮ್ಮೆ ಗಂಟೆಗೆ 80 ಕಿಲೋಮೀಟರ್ ಮಿತಿಯ ತಾತ್ಕಾಲಿಕ ಚಕ್ರವನ್ನಷ್ಟೇ ಕೊಟ್ಟಿರುತ್ತಾರೆ.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತನ್ನು ಒಪ್ಪುತ್ತೇನೆ, ಆದರೆ ಟಾಪ್ ಎಂಡ್ ಎಂದರೆ ಬರೀ ಅಲಂಕಾರ ಎಂಬ ಧ್ವನಿಯನ್ನು ಒಪ್ಪಲಾರೆ. ಅಡಾಸ್ ಎಂಬ ಹೆಸರಿನಡಿ ಹತ್ತಾರು ಬಗೆಗಳಿವೆ. ಲೇನ್ ಹಿಡಿದು ನಡೆಸುವ ವ್ಯವಸ್ಥೆಗೆ ರಸ್ತೆಯ ಮೇಲೆ ಸ್ಪಷ್ಟ ಗೆರೆಗಳು ಬೇಕು. ಗೆರೆ ಮಾಸಿದಲ್ಲಿ ಅದು ಕೈಕಟ್ಟಿ ಕೂರುತ್ತದೆ. ಆದರೆ ಎದುರಿನ ವಾಹನ ಹಠಾತ್ತನೆ ನಿಂತಾಗ ಚಾಲಕ ಗಮನಿಸದಿದ್ದರೂ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಬೇರೆಯೇ ಮಾತು. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ಅದು ಇರಲೇಬೇಕು. ಮೊದಲ ಉತ್ತರದಲ್ಲಿರುವ ಒರೆಗಲ್ಲಿಗೇ ಹಚ್ಚಿ ನೋಡಿ: ಇದನ್ನೂ ಆಮೇಲೆ ಹಾಕಿಸಲಾಗದು. ದೂರದ ಪ್ರಯಾಣ ಹೆಚ್ಚಿದ್ದರೆ ಇದಕ್ಕಾಗಿ ಕಂತಿನ ಭಾರ ಹೊರಬಹುದು. ಒಂದು ಎಚ್ಚರಿಕೆ ಮಾತ್ರ: ಇದರ ಕ್ಯಾಮೆರಾ ಸಾಮಾನ್ಯವಾಗಿ ಮುಂದಿನ ಗಾಜಿನ ಹಿಂದಿರುವುದರಿಂದ, ಗಾಜು ಬದಲಿಸಿದಾಗಲೆಲ್ಲ ಅದನ್ನು ಮರುಹೊಂದಿಸಬೇಕಾಗುತ್ತದೆ. ಆ ಖರ್ಚಿಗೆ ವಿಮೆ ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹೆದ್ದಾರಿಯ ಪ್ರಯಾಣ ತಿಂಗಳಿಗೊಮ್ಮೆ ಇದ್ದರೆ ಹೆಚ್ಚು. ಹಾಗಾಗಿ ಮನಸ್ಸು ಮಧ್ಯದ ವೇರಿಯಂಟಿನ ಕಡೆಗೆ ವಾಲುತ್ತಿದೆ. ಅದನ್ನು ಕೊಂಡು ಎಲ್‌ಇಡಿ ಬಲ್ಬ್ ಮತ್ತು ಚರ್ಮದ ಸೀಟ್ ಕವರ್‌ಗಳನ್ನು ಹೊರಗೆ ಹಾಕಿಸಿದರೆ ತೊಂದರೆಯಿದೆಯೇ?

ಮೊದಲನೆಯ ಉತ್ತರ ನೀಡಿದವರು

ಬಲ್ಬ್ ಬೇಡ. ಹ್ಯಾಲೊಜೆನ್ ದೀಪದ ಪ್ರತಿಫಲಕವನ್ನು ಅದರ ತಂತಿ ಉರಿಯುವ ಜಾಗಕ್ಕೆ ಸರಿಯಾಗಿ ಲೆಕ್ಕಹಾಕಿ ರೂಪಿಸಿರುತ್ತಾರೆ. ಅದೇ ಗೂಡಿಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಚದುರಿ ಎದುರು ಬರುವವರ ಕಣ್ಣು ಕುಕ್ಕುತ್ತದೆ, ನಿಮ್ಮ ರಸ್ತೆ ಮಾತ್ರ ಅಷ್ಟೇನೂ ಬೆಳಗುವುದಿಲ್ಲ. ಸೀಟ್ ಕವರ್ ಹಾಕಿಸಬಹುದು, ಆದರೆ ಮುಂದಿನ ಸೀಟುಗಳ ಬೆನ್ನಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಎಂಬ ಚಿಕ್ಕ ಪಟ್ಟಿ ಹೊಲಿದಿದೆಯೇ ಎಂದು ಮೊದಲು ನೋಡಿ. ಇದ್ದರೆ, ಆ ಜಾಗದಲ್ಲಿ ಹರಿದುಕೊಳ್ಳುವಂತೆ ಹೊಲಿದ, ಏರ್‌ಬ್ಯಾಗಿಗೆ ಹೊಂದುವ ಕವರನ್ನೇ ಕೇಳಿ ಪಡೆಯಿರಿ. ದಪ್ಪ ಚರ್ಮವನ್ನು ಸುತ್ತಲೂ ಬಿಗಿದು ಹೊಲಿಸಿದರೆ, ನೀವು ದುಡ್ಡು ಕೊಟ್ಟು ಪಡೆದ ಆ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳದೆ ಹೋಗಬಹುದು.